ಕುದುರೆಯಿಂದ ಬಿದ್ದ ಮಗ, ಏಣಿಯಿಂದ ಬಿದ್ದ ಬಾಪ

ಮದರಸದ ಮಕ್ಕಳಿಗೆ ಸೂರತುಲ್ ಆದಿಯಾತ್ ಬಾಯಿಪಾಠ ಮಾಡಿಸುವಾಗ ನಾವು ಪ್ರತಿ ವರ್ಷ ಒಂದು ಪ್ರಶ್ನೆ ಕೇಳುವುದುಂಟು. ಏದುಸಿರು ಬಿಡುತ್ತಾ ಓಡುವ ಕುದುರೆಗಳ ವಿಷಯ ಆ ಅಧ್ಯಾಯದ ಆರಂಭದಲ್ಲೇ ಬರುತ್ತದೆ. "ಕುದುರೆ ನೋಡಿದವರು ಯಾರೆಲ್ಲ, ಕೈ ಎತ್ತಿ" ಎಂದರೆ ಕುಟ್ಟದ ನಮ್ಮ ಮಕ್ಕಳಲ್ಲಿ ನಾಲ್ಕೈದು ಕೈ ಮೇಲೇಳುತ್ತದೆ. ಅದೂ ಮೈಸೂರು ದಸರಾಕ್ಕೆ ಹೋದವರದ್ದು. "ಆನೆ ನೋಡಿದವರು?" ಎಂದರೆ ಕ್ಲಾಸಿಗೆ ಕ್ಲಾಸೇ ಕೈ ಎತ್ತುತ್ತದೆ. ಒಂದು ಬದಿಯಲ್ಲಿ ನಾಗರಹೊಳೆ, ಇನ್ನೊಂದು ಬದಿಯಲ್ಲಿ ಬ್ರಹ್ಮಗಿರಿ, ಎದುರಿಗೆ ತೋಲ್ಪೆಟ್ಟಿಯ ಕಾಡು. ಇಲ್ಲಿ ಹುಟ್ಟಿದ ಮಗುವಿಗೆ ಆನೆ ನೆರೆಮನೆಯವರ ಹಾಗೆ. ಕುದುರೆ ಮಾತ್ರ ಪುಸ್ತಕದ ಪ್ರಾಣಿ.

ಹೀಗೆ ಕೈ ಎತ್ತದೆ ಕೂತಿದ್ದ ಹುಡುಗನೊಬ್ಬ ವರ್ಷಗಳ ನಂತರ ಬೆಂಗಳೂರಿನಿಂದ ಫೋನ್ ಮಾಡಿದ. "ಉಸ್ತಾದರೇ, ಇವತ್ತು ನಾನು ಕುದುರೆ ಹತ್ತಿದೆ!" ಆ ಸ್ವರದಲ್ಲಿದ್ದ ಖುಷಿ ಈಗಲೂ ನಮ್ಮ ಕಿವಿಯಲ್ಲಿದೆ. ಏಳೆಂಟು ತಿಂಗಳಾದ ಮೇಲೆ ಇನ್ನೊಂದು ಫೋನ್ ಬಂತು. ಈ ಸಲ ಸ್ವರ ಸಣ್ಣದು. "ಬಿದ್ದೆ ಉಸ್ತಾದರೇ. ಸ್ವಲ್ಪ ನೋವುಂಟು. ಮನೆಗೆ ಹೇಳಬೇಡಿ."

ನಾವು ಹೇಳಲಿಲ್ಲ. ಅದು ನಮ್ಮ ಮೊದಲ ತಪ್ಪು. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಹೆಸರು ಮಾತ್ರ ಬೇಡ ಎಂದಿದ್ದಾನೆ. ಅವನ ಬಾಪನೂ ಹಾಗೆಯೇ ಹೇಳಿದ್ದಾರೆ.

ನಮ್ಮ ಮಕ್ಕಳಿಗೆ ಕುದುರೆ ಎಲ್ಲಿಂದ ಸಿಕ್ಕಿತು ಎಂದು ಕೇಳುವವರು ಇರಬಹುದು. ಕಾಲ ಬದಲಾಗಿದೆ. ಎನ್‌ಸಿಸಿ ಎಂದರೆ ನಮಗೆ ಖಾಕಿ ಡ್ರೆಸ್ಸು, ಪರೇಡು, ರೈಫಲ್ ಅಷ್ಟೇ ನೆನಪಾಗುವುದು. ಅದರಲ್ಲೇ ರಿಮೌಂಟ್ ಅಂಡ್ ವೆಟರ್ನರಿ ಎಂಬ ವಿಭಾಗವೂ ಉಂಟು, ಕುದುರೆಗಳದ್ದು. ಬೆಂಗಳೂರಿನ ಹೆಬ್ಬಾಳದಲ್ಲಿ, ಪಶುವೈದ್ಯಕೀಯ ಕಾಲೇಜು ಇರುವ ಕಡೆ, ಇದರ ಘಟಕವಿದೆ. ಅಲ್ಲಿ ಕೆಡೆಟ್‌ಗಳು ಕುದುರೆಗೆ ಮೈ ಉಜ್ಜುವುದರಿಂದ ಹಿಡಿದು ಸವಾರಿಯವರೆಗೆ ಕಲಿಯುತ್ತಾರೆ. ಇದಲ್ಲದೆ ಬೆಂಗಳೂರು, ಮೈಸೂರಿನ ಹೊರವಲಯಗಳಲ್ಲಿ ಖಾಸಗಿ ಸವಾರಿ ಶಾಲೆಗಳಿವೆ. ನಮ್ಮ ಹುಡುಗ ಹೋದದ್ದು ಅಂಥದೊಂದು ಕಡೆಗೆ, ಕಾಲೇಜಿನ ಗೆಳೆಯರ ಜೊತೆ. ಫೀಸು ಕೊಡಲು ಅವನ ಹತ್ತಿರ ದುಡ್ಡೆಲ್ಲಿ? ಶನಿವಾರ, ಭಾನುವಾರ ಲಾಯ ಗುಡಿಸಿ, ಹುರುಳಿ, ಬೂಸಾ ಮೂಟೆ ಹೊತ್ತು, ಅದರ ಬದಲಿಗೆ ಒಂದು ಗಂಟೆ ಸವಾರಿ ಮಾಡುತ್ತಿದ್ದ. ಕಾಫಿ ತೋಟದ ಲೈನ್‌ಮನೆ ನೋಡಿ ಬೆಳೆದ ಮಗುವಿಗೆ ಮೂಟೆ ಹೊರುವುದು ಕಷ್ಟವಲ್ಲ.

ಅವನಿಗೆ ಹುಚ್ಚು ಹಿಡಿಸಿದ್ದು ಫವಾದ್ ಮಿರ್ಜಾ. ಬೆಂಗಳೂರಿನ ಈ ಸವಾರ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನ ಇವೆಂಟಿಂಗ್‌ನಲ್ಲಿ ಬೆಳ್ಳಿ ಗೆದ್ದಾಗ, ಕುದುರೆ ಸವಾರಿಯಲ್ಲಿ ಭಾರತಕ್ಕೆ ವೈಯಕ್ತಿಕ ಪದಕ ಬಂದದ್ದು 1982ರ ನಂತರ ಅದೇ ಮೊದಲು. ಮುಂದೆ ಟೋಕಿಯೊ ಒಲಿಂಪಿಕ್ಸ್‌ಗೆ ಹೋಗಿ 23ನೇ ಸ್ಥಾನ ಪಡೆದರು. 20 ವರ್ಷಗಳಿಂದ ಆ ಮೈದಾನಕ್ಕೆ ನಮ್ಮ ದೇಶದ ಸವಾರರು ಯಾರೂ ಇಳಿದಿರಲಿಲ್ಲ. ಮತ್ತೆ 2023ರಲ್ಲಿ ಹ್ಯಾಂಗ್‌ಝೌನಲ್ಲಿ ಡ್ರೆಸಾಜ್ ತಂಡಕ್ಕೆ ಚಿನ್ನ ಬಂತು. ಗೆದ್ದವರೆಲ್ಲ ಇಪ್ಪತ್ತರ ಆಸುಪಾಸಿನ ಮಕ್ಕಳು. ಹುಡುಗರ ಮೊಬೈಲಿನಲ್ಲಿ ಈ ವಿಡಿಯೊಗಳು ಓಡುತ್ತವೆ. ಗೆದ್ದದ್ದು ವಿಡಿಯೊದಲ್ಲಿ ಇರುತ್ತದೆ. ಬಿದ್ದ ಮೇಲಿನ ಆರು ತಿಂಗಳು ಇರುವುದಿಲ್ಲ.

ಬಿದ್ದದ್ದು ದೊಡ್ಡ ಬೇಲಿ ಹಾರುವಾಗ ಅಲ್ಲ. ಸುಮ್ಮನೆ ದುಡುಕಿ ಓಟದಲ್ಲಿ ಹೋಗುತ್ತಿದ್ದಾಗ ಗಾಳಿಗೆ ಒಂದು ಪ್ಲಾಸ್ಟಿಕ್ ಚೀಲ ಹಾರಿ ಬಂತಂತೆ. ಕುದುರೆ ಬೆಚ್ಚಿ ಪಕ್ಕಕ್ಕೆ ಜಿಗಿಯಿತು, ಇವನು ಇದ್ದಲ್ಲೇ ಉಳಿದ, ಅಂದರೆ ಗಾಳಿಯಲ್ಲಿ! ಕುಂಡೆ ಊರಿ ಕೂತ ಹಾಗೆ ನೆಲಕ್ಕೆ ಬಿದ್ದ. ತಲೆಗೆ ಹೆಲ್ಮೆಟ್ ಇತ್ತು, ಅಲ್‌ಹಮ್ದುಲಿಲ್ಲಾಹ್. ಸುತ್ತ ಇದ್ದವರು ನಕ್ಕರು, ಇವನೂ ನಕ್ಕ. "ಬಿದ್ದ ಕೂಡಲೇ ಮತ್ತೆ ಹತ್ತಬೇಕು, ಇಲ್ಲದಿದ್ದರೆ ಹೆದರಿಕೆ ಕೂತುಬಿಡುತ್ತದೆ" ಎಂಬ ಮಾತು ಸವಾರರಲ್ಲಿ ಉಂಟಂತೆ. ಹಾಗೆ ಹತ್ತಿದ. ಸಂಜೆ ರೂಮಿಗೆ ಬಸ್ಸಿನಲ್ಲಿ ನಿಂತೇ ಹೋದ, ಕೂರಲು ಆಗದೆ.

ಈ "ಕೂಡಲೇ ಹತ್ತು" ಎಂಬ ಮಾತಿನ ಬಗ್ಗೆ ಇಲ್ಲೇ ಒಂದು ವಿಷಯ ಹೇಳಿಬಿಡಬೇಕು. ಇವೆಂಟಿಂಗ್‌ನ ಅಂತರರಾಷ್ಟ್ರೀಯ ನಿಯಮದಲ್ಲಿ ಕ್ರಾಸ್ ಕಂಟ್ರಿ ಓಟದಲ್ಲಿ ಸವಾರ ಒಮ್ಮೆ ಬಿದ್ದರೆ ಮುಗಿಯಿತು, ಅವನು ಸ್ಪರ್ಧೆಯಿಂದ ಹೊರಗೆ. ದೇಶ ದೇಶಗಳ ನುರಿತ ಸವಾರರಿಗೇ ಈ ಕಟ್ಟುಪಾಡು. ತಲೆಗೆ ಪೆಟ್ಟಾಗಿ ಒಂದು ಕ್ಷಣ ಮಂಕು ಬಡಿದವನು, ವಾಂತಿ ಮಾಡಿದವನು, "ಈಗ ಏನಾಯಿತು?" ಎಂದು ಎರಡು ಸಲ ಕೇಳಿದವನು ಆ ದಿನ ಮತ್ತೆ ಕುದುರೆ ಹತ್ತುವ ಹಾಗೇ ಇಲ್ಲ. ಡಾಕ್ಟರಿಗೆ ತೋರಿಸಬೇಕು. ಪೆಟ್ಟು ತಿಂದ ಹೆಲ್ಮೆಟ್ ಹೊರಗಿಂದ ಚೆನ್ನಾಗಿ ಕಂಡರೂ ಬದಲಿಸಬೇಕು. ಕುದುರೆಯ ತೂಕ ನಾಲ್ಕೈದು ಕ್ವಿಂಟಲ್. ಅದರ ಬೆನ್ನ ಮೇಲೆ ಕೂತವನ ತಲೆ ನೆಲದಿಂದ ಎಂಟು ಒಂಬತ್ತು ಅಡಿ ಮೇಲಿರುತ್ತದೆ. ನಮ್ಮ ಮನೆಯ ಮಾಡಿನ ಅಂಚಿನಿಂದ ಮಗು ಬಿದ್ದರೆ ನಾವು ನಗುತ್ತೇವೆಯೇ?

ಕುದುರೆಯಿಂದ ಬಿದ್ದವರಿಗೆ ಹೆಚ್ಚಾಗಿ ಆಗುವ ಪೆಟ್ಟುಗಳು ಇವು ಎಂದು ಮೂಳೆ ಡಾಕ್ಟರರು ಹೇಳುತ್ತಾರೆ: ಕೈ ಊರಿ ಬಿದ್ದರೆ ಮಣಿಕಟ್ಟು, ಭುಜದ ಮೇಲೆ ಬಿದ್ದರೆ ಕೊರಳ ಮೂಳೆ, ಕೂತ ಹಾಗೆ ಬಿದ್ದರೆ ಬೆನ್ನುಮೂಳೆ. ಮಣಿಕಟ್ಟು ಕೂಡಲು ಸಾಧಾರಣ ಆರು ವಾರ, ಕೊರಳ ಮೂಳೆಗೆ ಅದಕ್ಕಿಂತ ಸ್ವಲ್ಪ ಹೆಚ್ಚು. ಇವು ಕಣ್ಣಿಗೆ ಕಾಣುವ ಪೆಟ್ಟುಗಳು. ಕೈ ಸೊಟ್ಟಾಗುತ್ತದೆ, ಊದುತ್ತದೆ, ಮನೆಯವರು ಓಡುತ್ತಾರೆ. ಬೆನ್ನಿನದ್ದು ಹಾಗಲ್ಲ. ಬೆನ್ನುಮೂಳೆಯ ಒಂದು ಬಿಲ್ಲೆ ಮುಂಭಾಗದಲ್ಲಿ ಸ್ವಲ್ಪ ಜಜ್ಜಿ ಹೋದರೂ ಮನುಷ್ಯ ಎದ್ದು ನಡೆಯಬಲ್ಲ, ಬಸ್ಸು ಹತ್ತಬಲ್ಲ, ಪರೀಕ್ಷೆ ಬರೆಯಬಲ್ಲ. ನಮ್ಮ ಹುಡುಗ ಐದು ವಾರ ಹೀಗೆಯೇ ತಿರುಗಿದ. ಮೆಡಿಕಲ್‌ನಿಂದ ನೋವಿನ ಗುಳಿಗೆ ತಂದು ನುಂಗಿದ. ಮೂಟೆಯನ್ನೂ ಹೊತ್ತ.

ಈ ಮಧ್ಯೆ ಅವನು ನಮಗೆ ಮೂರು ಸಲ ಫೋನ್ ಮಾಡಿದ್ದ. ಮೂರು ಸಲವೂ ನಾವು ಹೇಳಿದ್ದು ಒಂದೇ ಮಾತು, "ಸಬ್ರ್ ಮಾಡು ಮೋನೇ, ಸರಿಯಾಗುತ್ತದೆ." ಸಬ್ರ್ ಒಳ್ಳೆಯದೇ. ಆದರೆ ಎಕ್ಸ್‌ರೇ ತೆಗೆಸುವ ಬದಲಿಗೆ ಮಾಡುವ ಕೆಲಸ ಅದಲ್ಲ. ಬಿದ್ದವನಿಗೆ ಸಹನೆ ಹೇಳುವುದು ನಮ್ಮಂಥವರಿಗೆ ಎಷ್ಟು ಸುಲಭ!

ರಜೆಗೆ ಬಂದಾಗ ನಾವು ಮಸೀದಿಯಲ್ಲಿ ಅವನನ್ನು ನೋಡಿದೆವು. ರುಕೂಇನಿಂದ ಏಳುವಾಗ ಒಂದು ಕೈಯನ್ನು ತೊಡೆಗೆ ಊರಿ, ಮೆಟ್ಟಿಲು ಹತ್ತುವವನಂತೆ ಎದ್ದ. ಇಪ್ಪತ್ತರ ಹುಡುಗ. ಅದೇ ಸಫ್‌ನಲ್ಲಿ ಎರಡು ಆಳು ಆಚೆ ಅವನ ಬಾಪ ಕೂಡ ಅದೇ ರೀತಿ ಎದ್ದರು. ಇಬ್ಬರನ್ನೂ ಒಟ್ಟಿಗೆ ನೋಡಿದ ಮೇಲೆ ನಮಗೆ ನಮಾಝಿನಲ್ಲಿ ಮನಸ್ಸು ನಿಲ್ಲಲಿಲ್ಲ.

ಬಾಪ ಕರಿಮೆಣಸು ಕೊಯ್ಯುವವರು. ಕೊಡಗಿನ ತೋಟ ನೋಡದ ಕರಾವಳಿಯ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ಕಾಫಿ ಗಿಡಗಳ ನಡುವೆ ನೆರಳಿಗೆ ಸಿಲ್ವರ್ ಓಕ್ ಮರ ಬೆಳೆಸುತ್ತಾರೆ. ಆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬುತ್ತದೆ, ಮೂವತ್ತು ಅಡಿ, ಕೆಲವು ಕಡೆ ಅದಕ್ಕೂ ಮೇಲೆ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಮೆಣಸಿನ ಕೊಯ್ಲು ಶುರು. ಬಿದಿರಿನ ಏಣಿಯನ್ನು ಮರಕ್ಕೆ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿ, ಒಂದು ಕೈಯಲ್ಲಿ ಮರ ಹಿಡಿದು ಇನ್ನೊಂದು ಕೈಯಲ್ಲಿ ಕೊಯ್ಯಬೇಕು. ಹೆಲ್ಮೆಟ್ ಇಲ್ಲ, ಹಗ್ಗ ಇಲ್ಲ. ಹುಡುಗನಿಗೆ ಏಳೆಂಟು ವರ್ಷ ಇದ್ದಾಗ ಬಾಪನ ಏಣಿ ಜಾರಿತ್ತು. ಅವರೂ ಕೂತ ಹಾಗೆಯೇ ಬಿದ್ದರು. ಎರಡು ತಿಂಗಳು ಮನೆಯಲ್ಲಿ ಮಲಗಿದರು, ಎಣ್ಣೆ ಹಾಕಿ ತಿಕ್ಕಿಸಿಕೊಂಡರು, ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಮುಂದಿನ ಕೊಯ್ಲಿಗೆ ಮತ್ತೆ ಏಣಿ ಹತ್ತಿದರು. ಅಂದು ಕಟ್ಟಿದ ಬೆಲ್ಟು ಇಂದಿಗೂ ಬಿಚ್ಚಿಲ್ಲ. ಹಳೆಯದು ಹರಿದರೆ ಹೊಸದು.

ಮಗ ಬಿದ್ದ ವಿಷಯ ಬಾಪನಿಗೆ ಗೊತ್ತಾದದ್ದು ನಮ್ಮಿಂದಲೂ ಅಲ್ಲ, ಮಗನಿಂದಲೂ ಅಲ್ಲ. ಅವನು ಬೆಳಿಗ್ಗೆ ಹಾಸಿಗೆಯಿಂದ ಮಗ್ಗುಲಾಗಿ ಏಳುವ ರೀತಿ ನೋಡಿಯೇ ಅವರಿಗೆ ತಿಳಿಯಿತು. "ಎಲ್ಲಿಂದ ಬಿದ್ದೆ?" ಎಂದಷ್ಟೇ ಕೇಳಿದರಂತೆ.

ನಮ್ಮ ಕಡೆ ರೂಢಿಯಂತೆ ಅವನನ್ನು ಗಡಿಯಾಚೆಗೆ, ಉಳಿಚ್ಚಿಲ್ ಮಾಡುವ ವೈದ್ಯರೊಬ್ಬರ ಹತ್ತಿರ ಕರೆದುಕೊಂಡು ಹೋದರು. ನಾವೂ ಜೊತೆಗಿದ್ದೆವು. ಆ ಹಿರಿಯರು ಹುಡುಗನ ಬೆನ್ನಿನ ಮೇಲೆ ಬೆರಳಿನಿಂದ ಮೆಲ್ಲನೆ ತಟ್ಟುತ್ತಾ ಬಂದರು. ಸೊಂಟಕ್ಕಿಂತ ಸ್ವಲ್ಪ ಮೇಲೆ ಒಂದು ಜಾಗದಲ್ಲಿ ಅವನು ಮುಲುಗಿದ. ಅವರು ಕೈ ತೆಗೆದೇಬಿಟ್ಟರು. "ಇದಕ್ಕೆ ನಾನು ಎಣ್ಣೆ ಮುಟ್ಟಿಸುವುದಿಲ್ಲ. ಮೊದಲು ಎಕ್ಸ್‌ರೇ ತೆಗೆಸಿ." ಬಂದ ಗಿರಾಕಿಯನ್ನು ಹೀಗೆ ವಾಪಸ್ ಕಳಿಸುವವರು ಎಷ್ಟು ಮಂದಿ ಇದ್ದಾರೆ? ಮೂಳೆ ಬಿರುಕು ಬಿಟ್ಟ ಜಾಗದಲ್ಲಿ ತಿಕ್ಕಿ, ಒತ್ತಿ, ಎಳೆದು ಕೆಡಿಸಿಕೊಂಡವರ ಕಥೆ ನಮ್ಮ ಪ್ರತಿ ಜಮಾಅತಿನಲ್ಲೂ ಒಂದೆರಡು ಸಿಗುತ್ತದೆ.

ಎಕ್ಸ್‌ರೇಯಲ್ಲಿ ಒಂದು ಮೂಳೆಬಿಲ್ಲೆ ಮುಂದಕ್ಕೆ ಸ್ವಲ್ಪ ಜಜ್ಜಿದ್ದು ಕಂಡಿತು. ಡಾಕ್ಟರು, "ಆಪರೇಷನ್ ಬೇಡ, ಮೂಳೆ ಕೂಡುತ್ತದೆ. ಭಾರ ಎತ್ತಬೇಡ, ಕುದುರೆ ಬೇಡ, ಆದರೆ ಮಲಗಿಯೇ ಇರಬೇಡ, ನಡೆಯುತ್ತಿರು" ಎಂದರು. ಕೆಲವು ವಾರಕ್ಕೆ ಬೆನ್ನಿನ ಪಟ್ಟಿ ಕೊಟ್ಟರು. ಮೂರು ತಿಂಗಳಿಗೆ ಮತ್ತೊಂದು ಎಕ್ಸ್‌ರೇ. ಮೂಳೆ ಕೂಡಿತ್ತು.

ನೋವು ಹೋಗಿರಲಿಲ್ಲ.

ಇಲ್ಲಿಂದ ಮುಂದಿನದ್ದು ನಮಗೆ ಗೊತ್ತಿರಲಿಲ್ಲ, ಓದುಗರಲ್ಲೂ ಹೆಚ್ಚಿನವರಿಗೆ ಗೊತ್ತಿರಲಾರದು. ಮೂರು ತಿಂಗಳು ದಾಟಿಯೂ ಉಳಿಯುವ ಅಥವಾ ಮತ್ತೆ ಮತ್ತೆ ಬರುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಪೆಟ್ಟಾದ ಜಾಗ ಗುಣವಾದರೂ ನರಗಳು ಸುಮ್ಮನಾಗುವುದಿಲ್ಲ. ಫಿಸಿಯೋಥೆರಪಿ ಮಾಡುವ ಹೆಣ್ಣುಮಗಳು ಇದನ್ನು ಹುಡುಗನಿಗೆ ಬಿಡಿಸಿ ಹೇಳಿದರಂತೆ, ಅವನು ಅದನ್ನು ಕುಟ್ಟದ ಭಾಷೆಗೆ ತಿರುಗಿಸಿ ನಮಗೆ ಹೇಳಿದ. "ಉಸ್ತಾದರೇ, ಅಂಗಳಕ್ಕೆ ಒಮ್ಮೆ ಆನೆ ಬಂದದ್ದನ್ನು ನೋಡಿದ ನಾಯಿ ಆಮೇಲೆ ಹಲಸಿನ ಎಲೆ ಬಿದ್ದರೂ ಬೊಗಳುತ್ತದಲ್ಲ, ಹಾಗೆ ನನ್ನ ಬೆನ್ನು." ನಾಯಿ ಸುಳ್ಳು ಬೊಗಳುತ್ತಿಲ್ಲ, ಅದಕ್ಕೆ ನಿಜವಾಗಿಯೂ ಹೆದರಿಕೆ. ಹಾಗೆಯೇ ನೋವೂ ನಿಜ. "ಎಕ್ಸ್‌ರೇ ಸರಿ ಉಂಟಲ್ಲ, ಮತ್ತೆಂಥ ನೋವು, ಎಲ್ಲಾ ಮನಸ್ಸಿನದ್ದು" ಎಂದು ಮನೆಯವರು, ಉಸ್ತಾದರು, ಗೆಳೆಯರು ಹೇಳುವುದು ಆ ನಾಯಿಗೆ ಕಲ್ಲು ಹೊಡೆದ ಹಾಗೆ. ಇನ್ನೂ ಜೋರಾಗಿ ಬೊಗಳುತ್ತದೆ.

ಈ ಹಂತದಲ್ಲಿ ಸಂಬಂಧಿಕರಲ್ಲಿ ಒಬ್ಬರು "ಎಂಆರ್‌ಐ ಮಾಡಿಸಿ" ಎಂದರು. ಗಲ್ಫಿನಲ್ಲಿರುವ ಸೋದರಮಾವ ದುಡ್ಡು ಕಳಿಸಲೂ ತಯಾರು. ಡಾಕ್ಟರು ಬೇಡ ಎಂದರು, ಕಾರಣವನ್ನೂ ಹೇಳಿದರು. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಬೆನ್ನುನೋವೇ ಇಲ್ಲದ 3,110 ಮಂದಿಯ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಇಪ್ಪತ್ತು ವರ್ಷದವರಲ್ಲೇ ನೂರಕ್ಕೆ 30 ಮಂದಿಗೆ ಡಿಸ್ಕ್ ಉಬ್ಬಿದ್ದು ಕಂಡಿತ್ತು, 37 ಮಂದಿಗೆ ಡಿಸ್ಕ್ ಸವೆದಿತ್ತು. ಎಂಬತ್ತರವರಲ್ಲಿ ನೂರಕ್ಕೆ 96 ಮಂದಿಗೆ ಸವೆತ. ಯಾರಿಗೂ ನೋವಿಲ್ಲ! ಅಂದರೆ ಕಾರಣವಿಲ್ಲದೆ ಸ್ಕ್ಯಾನ್ ಮಾಡಿಸಿದರೆ ಏನಾದರೊಂದು ಕಾಣುತ್ತದೆ, ಆ ಕಾಗದ ಹಿಡಿದು ಮನುಷ್ಯ ಇನ್ನಷ್ಟು ಹೆದರುತ್ತಾನೆ. "ನನ್ನ ಡಿಸ್ಕ್ ಹೋಗಿದೆ" ಎಂದು ಇಪ್ಪತ್ತು ವರ್ಷದಿಂದ ಬಗ್ಗದೆ ಬದುಕುತ್ತಿರುವವರು ನಮ್ಮ ಕೇರಿಯಲ್ಲೇ ಇದ್ದಾರೆ.

ಹಾಗಾದರೆ ಸ್ಕ್ಯಾನು ಯಾವಾಗ, ಓಡಬೇಕಾದದ್ದು ಯಾವಾಗ? ಇದೊಂದನ್ನು ಮಾತ್ರ ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ. ಕುದುರೆಯ ಬೆನ್ನಿನ ಜೀನು ನಮ್ಮ ಮೈಗೆ ತಾಗುವ ಜಾಗ ಉಂಟಲ್ಲ, ತೊಡೆಯ ಒಳಭಾಗ, ಕುಂಡೆ, ಗುಪ್ತಾಂಗದ ಸುತ್ತ, ಆ ಜಾಗವನ್ನು ವೈದ್ಯಶಾಸ್ತ್ರದಲ್ಲಿ ಕರೆಯುವುದೇ ಜೀನಿನ ಜಾಗ ಎಂದು. ಬಿದ್ದವರಿಗಾಗಲಿ, ಬೀಳದೆ ಬೆನ್ನುನೋವು ಬಂದವರಿಗಾಗಲಿ, ಅಲ್ಲಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಕಾಲಿನ ಶಕ್ತಿ ಕುಂದುತ್ತಾ ಬಂದರೆ ಬೆಳಗಾಗಲಿ ಎಂದು ಕಾಯಬಾರದು. ನರಗಳ ಗೊಂಚಲು ಅಮುಕಿ ಹೋಗಿರಬಹುದು, ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಬೇಕಾಗಬಹುದು. ಕುಟ್ಟದವರಿಗೆ ಇದು ಸಣ್ಣ ವಿಷಯವಲ್ಲ. ಕತ್ತಲಾದ ಮೇಲೆ ನಾಗರಹೊಳೆಯ ಕಾಡುದಾರಿ ಮುಚ್ಚುತ್ತದೆ. ಗೋಣಿಕೊಪ್ಪ ದಾಟಿ ಹೋಗುವುದೋ, ಮಾನಂದವಾಡಿ ಕಡೆಗೆ ಇಳಿಯುವುದೋ ಎಂದು ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ಹೀಗೆ ಹೇಳಿಕೊಳ್ಳಲು ನಾಚಿಕೆಪಟ್ಟು ತಡ ಮಾಡಿದವರಿದ್ದಾರೆ, ಹೆಂಗಸರಲ್ಲಿ ವಿಶೇಷವಾಗಿ. ಇದರಲ್ಲಿ ನಾಚಿಕೆಗೆ ಜಾಗವಿಲ್ಲ. ಮತ್ತೆ, ಎತ್ತರದಿಂದ ಬಿದ್ದವನನ್ನು ಕೈಕಾಲು ಹಿಡಿದು ಮೂಟೆಯ ಹಾಗೆ ಜೀಪಿಗೆ ಹಾಕಬೇಡಿ. ಕುತ್ತಿಗೆ, ಬೆನ್ನು ಅಲುಗದ ಹಾಗೆ ಇದ್ದಲ್ಲೇ ಇರಿಸಿ 108ಕ್ಕೆ ಫೋನ್ ಮಾಡಿ. ಕೂಡಲೇ ಸಾಗಿಸಲೇಬೇಕಾದರೆ ಹಲಗೆಯ ಮೇಲೆ, ನಾಲ್ಕು ಜನ ಸೇರಿ.

ಹೆಣ್ಣುಮಕ್ಕಳ ಮಾತು ಬಂತು. ಪಶುವೈದ್ಯಕೀಯ ಓದುವ ನಮ್ಮ ಸಮುದಾಯದ ಹುಡುಗಿಯೊಬ್ಬಳು ಸವಾರಿ ಕಲಿಯುತ್ತಾ ಬಿದ್ದು ಸೊಂಟದ ನೋವು ಅಂಟಿಸಿಕೊಂಡಿದ್ದಾಳೆ. ಅವಳ ಉಮ್ಮ ಅದನ್ನು ಅವಳ ಚಿಕ್ಕಮ್ಮನಿಗೂ ಹೇಳಿಲ್ಲ. ನಮ್ಮ ಮನೆಯವಳ ಹತ್ತಿರ ಗುಟ್ಟಾಗಿ ಹೇಳಿ ಕಣ್ಣೀರು ಹಾಕಿದರಂತೆ. ಸೊಂಟ ನೋವಿನ ಹುಡುಗಿ ಎಂದು ಸುದ್ದಿಯಾದರೆ ನಾಳೆ ಸಂಬಂಧ ಕೇಳಿಕೊಂಡು ಬಂದವರು ಏನು ಹೇಳಿಯಾರು ಎಂಬ ಭಯ. ಆದ್ದರಿಂದ ಡಾಕ್ಟರಲ್ಲಿಗೂ ಹೋಗಿಲ್ಲ. ಇದಕ್ಕೆ ನಾವು ಏನು ಉತ್ತರ ಕೊಡುವುದು? ವರನ ಕಡೆಯವರಾಗಿ ಹೋಗುವವರೂ ನಾವೇ ಅಲ್ಲವೇ.

ಇನ್ನು ಹುಡುಗ ಗುಣವಾದ ಬಗೆ. ಅದರಲ್ಲಿ ಪವಾಡ ಏನಿಲ್ಲ, ಬೇಸರ ತರಿಸುವಷ್ಟು ಸಣ್ಣ ಸಣ್ಣ ಕೆಲಸಗಳು. ಮೊದಲ ವಾರ ದಿನಕ್ಕೆ ಎರಡು ಸಲ ಹತ್ತು ನಿಮಿಷ ನಡಿಗೆ. ನೋವು ಕಡಿಮೆ ಇದ್ದ ದಿನವೂ ಹತ್ತೇ, ಜಾಸ್ತಿ ಇದ್ದ ದಿನವೂ ಹತ್ತೇ. ಗುಟ್ಟು ಇರುವುದು ಇಲ್ಲೇ ಎಂದ ಅವನು. ನೋವಿಲ್ಲದ ದಿನ ಹುಮ್ಮಸ್ಸಿನಲ್ಲಿ ಎಲ್ಲ ಕೆಲಸ ಮಾಡಿ, ಮರುದಿನದಿಂದ ನಾಲ್ಕು ದಿನ ಮಲಗುವುದು ದೀರ್ಘ ನೋವಿನವರ ಹಳೆಯ ಚಾಳಿಯಂತೆ. ನಂತರ ಪ್ರತಿ ವಾರ ಸ್ವಲ್ಪ ಸ್ವಲ್ಪ ಏರಿಸುವುದು. ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು, ಮೊಣಕಾಲೂರಿ ಒಂದು ಕೈ ಮತ್ತು ಎದುರು ಬದಿಯ ಕಾಲನ್ನು ಚಾಚಿ ಹಿಡಿಯುವುದು, ಹೀಗೆ ನಾಲ್ಕೈದು ವ್ಯಾಯಾಮ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ನಾವು ನೋಡಿದ್ದೇವೆ. ನಿದ್ದೆಯ ಗಂಟೆಯೂ ಅದರಲ್ಲಿ ಉಂಟು, ಏಕೆಂದರೆ ನಿದ್ದೆ ಕೆಟ್ಟ ಮರುದಿನ ನೋವು ಹೆಚ್ಚು.

ನಮಾಝಿನ ವಿಷಯಕ್ಕೆ ನಮ್ಮಲ್ಲಿ ಸಣ್ಣ ಚರ್ಚೆಯೇ ಆಯಿತು. ನಿಲ್ಲಲಾಗದವನು ಕೂತು, ಕೂರಲಾಗದವನು ಮಲಗಿ ನಮಾಝ್ ಮಾಡುವ ರಿಯಾಯಿತಿ ದೀನ್‌ನಲ್ಲೇ ಇದೆ, ಮಕ್ಕಳಿಗೂ ಕಲಿಸುತ್ತೇವೆ. ಆದರೂ ಇಪ್ಪತ್ತರ ಹುಡುಗ ಕುರ್ಚಿ ಎಳೆದುಕೊಂಡಾಗ ಹಿಂದಿನ ಸಫ್‌ನಲ್ಲಿ ಪಿಸುಮಾತು. ಒಬ್ಬರಂತೂ "ಕುದುರೆ ಮೇಲೆ ಕೂರಲು ಬೆನ್ನುಂಟು, ಸುಜೂದಿಗೆ ಇಲ್ಲ" ಎಂದೇ ಹೇಳಿದರು. ಅವನು ಎರಡು ಜುಮಾ ತಪ್ಪಿಸಿದ. ಆಮೇಲೆ ನಾವೇ ಮನೆಗೆ ಹೋಗಿ ಕರೆತಂದು, ಕುರ್ಚಿಯನ್ನು ನಾವೇ ಹಾಕಿಕೊಟ್ಟೆವು. ಐದನೆಯ ತಿಂಗಳಿನಲ್ಲಿ ಒಂದು ಫಜ್ರ್‌ಗೆ ಅವನು ನೆಲದ ಮೇಲೆ ಸುಜೂದ್ ಮಾಡಿದ. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದಿದ್ದಾನೆ, ತಾರೀಕು ಸಮೇತ.

ಕುದುರೆಯ ಹತ್ತಿರ ಮರಳಿ ಹೋದದ್ದು ಒಂಬತ್ತನೆಯ ತಿಂಗಳಿಗೆ. ಮೊದಲು ಬರೇ ಮೈ ಉಜ್ಜುವುದು, ಹಿಡಿದು ನಡೆಸುವುದು. ನಂತರ ಹತ್ತಿ ಕೂತು ನಡಿಗೆ ಮಾತ್ರ. ಕುದುರೆಯ ಕಾಲಿನ ಸ್ನಾಯುರಜ್ಜು ಹರಿದರೆ ಪಶುವೈದ್ಯರು ಹೀಗೆಯೇ ಮಾಡುತ್ತಾರಂತೆ: ತಿಂಗಳುಗಟ್ಟಲೆ ವಿಶ್ರಾಂತಿ, ಆಮೇಲೆ ದಿನಕ್ಕೆ ಕೆಲವೇ ನಿಮಿಷ ಕೈಯಲ್ಲಿ ಹಿಡಿದು ನಡೆಸುವುದು, ಓಟಕ್ಕೆ ಬರಲು ಹತ್ತಿರ ಹತ್ತಿರ ಒಂದು ವರ್ಷ. ಇವೆಂಟಿಂಗ್ ಸ್ಪರ್ಧೆಯಲ್ಲಿ ಕುದುರೆಗಳನ್ನು ತೀರ್ಪುಗಾರರ ಮುಂದೆ ಓಡಿಸಿ ತೋರಿಸಬೇಕು, ಕುಂಟು ಕಂಡರೆ ಆ ಕುದುರೆಗೆ ಸ್ಪರ್ಧೆ ಇಲ್ಲ. "ನಮ್ಮನ್ನು ಮಾತ್ರ ಯಾರೂ ಓಡಿಸಿ ನೋಡುವುದಿಲ್ಲ ಉಸ್ತಾದರೇ" ಎಂದು ನಕ್ಕ.

ಅವನ ರೂಮಿನ ಗೋಡೆಯಲ್ಲಿ ಈಗ ಫವಾದ್ ಮಿರ್ಜಾನ ಪಕ್ಕ ಇನ್ನೊಂದು ಹಳೆಯ ಚಿತ್ರ ಉಂಟು. ಲಿಸ್ ಹಾರ್ಟೆಲ್ ಎಂಬ ಡೆನ್ಮಾರ್ಕಿನ ಮಹಿಳೆ. 1944ರಲ್ಲಿ, ಬಸುರಿಯಾಗಿದ್ದಾಗ, ಪೋಲಿಯೊ ಬಂದು ಮಂಡಿಯ ಕೆಳಗೆ ಕಾಲಿನ ಸ್ವಾಧೀನ ಹೋಯಿತು. ಕುದುರೆ ಹತ್ತಿಸಲು, ಇಳಿಸಲು ಜನ ಬೇಕು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಡ್ರೆಸಾಜ್‌ನಲ್ಲಿ ಗಂಡಸರ ಜೊತೆಯೇ ಸ್ಪರ್ಧಿಸಿ ಬೆಳ್ಳಿ ಗೆದ್ದರು, 1956ರಲ್ಲಿ ಮತ್ತೊಂದು ಬೆಳ್ಳಿ. ಇದನ್ನು ಹೇಳಿದರೆ ಬಾಪ, "ಅವರಿಗೆ ಹತ್ತಿಸಲು ಜನ ಇದ್ದರಲ್ಲ" ಎಂದರು.

ಬಾಪನದ್ದೇ ನಮಗೆ ಉಳಿದಿರುವ ಚಿಂತೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಲೋಕದ 61.9 ಕೋಟಿ ಮಂದಿಗೆ ಸೊಂಟನೋವು ಇತ್ತು. 2023ರ ಡಿಸೆಂಬರಿನಲ್ಲಿ ಸಂಸ್ಥೆ ದೀರ್ಘಕಾಲದ ಸೊಂಟನೋವಿಗೆ ಮೊದಲ ಬಾರಿ ಮಾರ್ಗಸೂಚಿ ತಂದಿತು. ವ್ಯಾಯಾಮ, ನೋವಿನ ಬಗ್ಗೆ ತಿಳಿವಳಿಕೆ, ಮನಸ್ಸಿನ ಭಯ ಇಳಿಸುವ ಸಮಾಲೋಚನೆ ಬೇಕು ಎಂದಿದೆ. ಬೇಡ ಎಂದ ಪಟ್ಟಿಯಲ್ಲಿ ಸೊಂಟದ ಬೆಲ್ಟು ಉಂಟು, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಉಂಟು, ಅಫೀಮಿನ ಜಾತಿಯ ಮಾತ್ರೆಗಳೂ ಉಂಟು. ಮಗನ ಮುರಿದ ಮೂಳೆಗೆ ಕೆಲವು ವಾರ ಪಟ್ಟಿ ಹಾಕಿದ್ದು ಬೇರೆ ಮಾತು, ಬಾಪನ ಹನ್ನೆರಡು ವರ್ಷದ ಬೆಲ್ಟು ಬೇರೆ. ಇದಕ್ಕಿಂತ ನಮಗೆ ಹೆದರಿಕೆ ತರಿಸುವುದು ಅವರ ಅಂಗಿಯ ಜೇಬಿನ ಗುಳಿಗೆ ಸ್ಟ್ರಿಪ್ಪು. ಕೊಯ್ಲಿನ ಕಾಲದಲ್ಲಿ ದಿನಕ್ಕೆರಡು, ಬೆಳಿಗ್ಗೆ ಏಣಿ ಹತ್ತುವ ಮೊದಲು ಒಂದು. ಇಂಥ ನೋವಿನ ಮಾತ್ರೆಗಳನ್ನು ಡಾಕ್ಟರು ಹೇಳದೆ ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು, ಕಿಡ್ನಿ ಕೆಡಬಹುದು. ಬಿಪಿ, ಶುಗರ್ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ಅವರಿಗೆ ಎರಡೂ ಉಂಟು.

ಮಗ ತನ್ನ ನೋಟ್‌ಬುಕ್ಕು ತೋರಿಸಿ, "ಬಾಪ, ನನ್ನ ಜೊತೆ ಹತ್ತು ನಿಮಿಷ ನಡೆಯಿರಿ" ಎಂದು ಕೇಳಿದಾಗ ಅವರು ಕೊಟ್ಟ ಉತ್ತರ, "ದಿನವಿಡೀ ತೋಟದಲ್ಲಿ ನಡೆಯುವವನಿಗೆ ಎಂಥ ಹತ್ತು ನಿಮಿಷ? ನಾನೇನು ಕುದುರೆ ಹತ್ತಲಿಕ್ಕುಂಟಾ?" ನಾವು ಹೋಗಿ, "ಕಾಕ, ಒಮ್ಮೆ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆಯಾದರೂ ಮಾಡಿಸಿ" ಎಂದೆವು. "ತೋರಿಸಿದರೆ ಏಣಿ ಹತ್ತಬೇಡ ಎನ್ನುತ್ತಾರೆ ಉಸ್ತಾದರೇ. ಹತ್ತದಿದ್ದರೆ ಇವನ ಕೊನೆಯ ವರ್ಷದ ಫೀಸು?" ಎಂದರು. ಇದರ ಮುಂದೆ ನಮ್ಮ ಬಾಯಿ ಕಟ್ಟಿತು. ಮಗನಿಗೆ ವಿಶ್ರಾಂತಿ ಸಿಕ್ಕಿದ್ದು ಬಾಪ ಏಣಿ ಹತ್ತಿದ್ದರಿಂದ. ನೋವು ಒಂದೇ, ಒಬ್ಬನಿಗೆ ಒಂಬತ್ತು ತಿಂಗಳು ಕೊಟ್ಟೆವು, ಇನ್ನೊಬ್ಬರಿಗೆ ಒಂಬತ್ತು ದಿನ ಕೊಡಲು ಆಗುವುದಿಲ್ಲ. ಸವಾರಿ ಶಾಲೆಯಲ್ಲಿ ಹೆಲ್ಮೆಟ್ ಇಲ್ಲದೆ ಹತ್ತಲು ಬಿಡುವುದಿಲ್ಲವಂತೆ. ಮೂವತ್ತು ಅಡಿ ಮರಕ್ಕೆ ಹತ್ತುವವರಿಗೆ ಸೊಂಟಕ್ಕೊಂದು ಸುರಕ್ಷತೆಯ ಹಗ್ಗ, ತಲೆಗೊಂದು ಹೆಲ್ಮೆಟ್ ಕೊಡಿ ಎಂದು ತೋಟದ ಧಣಿಗಳನ್ನು ಕೇಳಲು ಜಮಾಅತ್ ಕಮಿಟಿಗಳಿಗೆ ಏನು ಅಡ್ಡಿ? ಈ ಮಾತನ್ನು ನಮ್ಮ ಕಮಿಟಿಯ ಸಭೆಯಲ್ಲಿ ಒಮ್ಮೆ ಎತ್ತಿದೆವು. ಮುಂದಿನ ಸಭೆಗೆ ಇಡೋಣ ಎಂದಾಯಿತು.

ಈ ವರ್ಷದ ಕೊಯ್ಲಿಗೆ ಒಂದು ಸಣ್ಣ ಬದಲಾವಣೆ ಆಗಿದೆ. ತೋಟದ ರೈಟರು ಪರಿಚಯದವರು. ನಾವೂ ಮಗನೂ ಹೋಗಿ ಕೇಳಿಕೊಂಡ ಮೇಲೆ ಬಾಪನಿಗೆ ಮರ ಹತ್ತುವ ಬದಲು ಕಣದಲ್ಲಿ ಮೆಣಸು ಬಿಡಿಸಿ ಒಣಗಿಸುವ ಕೆಲಸ ಕೊಟ್ಟಿದ್ದಾರೆ. ಕೂಲಿ ಕಡಿಮೆ. ಆ ಕೊರತೆ ತುಂಬಲು ಮಗ ವಾರದ ಕೊನೆಗೆ ಬೆಂಗಳೂರಿನಲ್ಲಿ ಪುಟ್ಟ ಮಕ್ಕಳಿಗೆ ಸವಾರಿ ಕಲಿಸುವಲ್ಲಿ ಸಹಾಯಕನಾಗಿ ಸೇರಿದ್ದಾನೆ, ಮೂಟೆ ಹೊರುವ ಕೆಲಸ ಇಲ್ಲ ಎಂದು ಮಾತಾಡಿಕೊಂಡೇ. ಮೊನ್ನೆ ಅಸರ್ ಮುಗಿಸಿ ಬರುವಾಗ ಬಾಪ ಕಣದ ಬದಿಯಲ್ಲಿ ಹೋಗುತ್ತಾ ಬರುತ್ತಾ ಇದ್ದರು. ಎಂಥ ಕಾಕ, ಏನು ಹುಡುಕುತ್ತಿದ್ದೀರಿ ಎಂದು ಕೇಳಿದೆವು. ಮೊಬೈಲು ತೆಗೆದು ಸಮಯ ನೋಡಿ, "ಇನ್ನು ಮೂರು ನಿಮಿಷ ಉಂಟು, ನೀವು ಹೋಗಿ" ಎಂದರು. ಬೆಲ್ಟು ಸೊಂಟದಲ್ಲೇ ಇತ್ತು.